ಸಿಯೋಲಿನಲ್ಲಿ ಹಾಡಿದ ಹಲ್ಲು

ಮಣಿಪಾಲ

ನಾನು ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿ ನೋಡುತ್ತಾರೆ. ನಾನು ನೋಡುವುದು ಬಾಯಿಯ ಅಚ್ಚು. ಉಡುಪಿ, ಕಾಪು, ಕಾರ್ಕಳದ ಕ್ಲಿನಿಕ್ಕುಗಳಿಂದ ಪ್ಲಾಸ್ಟರಿನ ದವಡೆಗಳು ಮಣಿಪಾಲದ ನಮ್ಮ ಲ್ಯಾಬಿಗೆ ಬರುತ್ತವೆ. ಕಾರ್ಕಳದವು ಬರುವುದು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ, ಸಿಹಿತಿಂಡಿಯ ಖಾಲಿ ಡಬ್ಬಿಯೊಳಗೆ. "ಎಂತ ಮೇಡಂ, ದಿನಾ ಲಾಡು ತರಿಸ್ತೀರಲ್ಲ!" ಎಂದು ಒಬ್ಬ ಕಂಡಕ್ಟರರು ಒಮ್ಮೆ ಡಬ್ಬಿ ಬಿಚ್ಚಿ ನೋಡಿಬಿಟ್ಟರು. ಆಮೇಲೆ ಅವರು ನನ್ನ ಹತ್ತಿರ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ಹೀಗೆ ಹನ್ನೆರಡು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಹಲ್ಲು ಮಾಡಿದ್ದೆ. ಅವುಗಳಲ್ಲಿ ಒಂದಾದರೂ ಯಾರ ಬಾಯಲ್ಲಿ ಕೂತು ಹೇಗೆ ನಗುತ್ತದೆ ಎಂದು ನೋಡಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ, ಹೊಸ ಬಗೆಯ ಪಿಂಗಾಣಿ ಹಲ್ಲು ಸುಡುವುದನ್ನು ಕಲಿತು ಬರಲಿ ಎಂದು ನನ್ನನ್ನು ಮೂರು ವಾರ ದಕ್ಷಿಣ ಕೊರಿಯಾಕ್ಕೆ ಕಳಿಸಿದರು. ಪತ್ರಿಕೆಗಳು ‘ಸಿಯೋಲ್’ ಎಂದು ಬರೆಯುವ ಊರನ್ನು ನಮ್ಮ ಲ್ಯಾಬು ನಡೆಸುವ ಡಾಕ್ಟರು ‘ಸೋಲ್’ ಎಂದು ಹೇಳಿದ್ದರಿಂದ ನಾನೂ ಲ್ಯಾಬಿನಲ್ಲಿ ಹಾಗೆಯೇ ಹೇಳಿದೆ. ಪ್ಲಾಸ್ಟರು ಕಲಸುವ ಬಸವರಾಜ ಬಾದಾಮಿ ಕಡೆಯವನು. ಬಟ್ಟಲಿನಿಂದ ಕೈ ತೆಗೆಯದೆ ಅವನು ಕೇಳಿದ:

"ಸೋಲಿಗೆ ಯಾಕ ಹೊಂಟೀರಿ ಅಕ್ಕಾರ? ಗೆಲ್ಲೋ ಊರು ಒಂದೂ ಸಿಗಲಿಲ್ಲೇನ್ರಿ? ಹೋಗ್ರಿ, ಹೋಗ್ರಿ. ವಿಮಾನದಾಗ ಕಿಟಕಿ ಸೀಟಿಗೆ ಮೊದಲ ಟವೆಲ್ ಹಾಕಿಬಿಡ್ರಿ."

ಕಾಪುವಿನಲ್ಲಿ ಅಮ್ಮ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನನ್ನ ಬಿಳಿ ಕೋಟಿನ ನಡುವೆ ಇಟ್ಟಳು. ಆ ಮೂರು ಚೀಲಗಳ ಮೇಲೆ ನಾವಿಬ್ಬರೂ ಅಷ್ಟು ನಂಬಿಕೆ ಇಡಬಾರದಿತ್ತು.

ಸಿಯೋಲ್, ‘ಎಫ್’ ಮಹಡಿ

ಕೊರಿಯಾ ನೋಡಿ ಬಂದೆ ಎಂದು ನಾನು ಹೇಳಿಕೊಂಡರೆ ಅರ್ಧ ಸುಳ್ಳು. ನಾನು ನೋಡಿದ್ದು ಒಂದು ಕಟ್ಟಡವನ್ನು. ಮೂರನೇ ಮಹಡಿಯಲ್ಲಿ ಲ್ಯಾಬು, ಎರಡರಲ್ಲಿ ದಂತ ಕ್ಲಿನಿಕ್ಕು, ನಾಲ್ಕರಲ್ಲಿ ನನ್ನ ಕೋಣೆ. ಅರಮನೆಗೆ ಹೋಗಬೇಕೆಂದು ಅಂದುಕೊಂಡ ದಿನವೆಲ್ಲ ಏನಾದರೂ ಆಗುತ್ತಿತ್ತು.

"ನಾಲ್ಕನೇ ಮಹಡಿಗೆ ಬನ್ನಿ" ಎಂದು ಕಾಗದದಲ್ಲಿ ಬರೆದಿತ್ತು. ಲಿಫ್ಟಿನೊಳಗೆ ನೋಡಿದರೆ ಒಂದು, ಎರಡು, ಮೂರು, ಆಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ, ಆಮೇಲೆ ಐದು. ‘ಎಫ್’ ಎಂದರೆ ಫ್ಯಾನಿನ ಸ್ವಿಚ್ಚಿರಬೇಕೆಂದು ಮುಟ್ಟಲಿಲ್ಲ. ಮೂರರಲ್ಲಿ ಇಳಿದು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅವರ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರವಂತೆ. ಅದಕ್ಕೇ ಲಿಫ್ಟಿನಲ್ಲಿ ನಾಲ್ಕನ್ನು ಬರೆಯದೆ, ಇಂಗ್ಲಿಷಿನ ‘ಫೋರ್’ ಪದದ ‘ಎಫ್’ ಬರೆಯುತ್ತಾರೆ.

ಲ್ಯಾಬಿನ ಒಡತಿ ಶ್ರೀಮತಿ ಯುನ್ ಬಾಗಿಲಲ್ಲಿ ಕಾಯುತ್ತಿದ್ದರು. ನಲವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಒಂದೊಂದೇ ಹಂಚು ಹೊದಿಸುವ ಹಾಗೆ ಇಂಗ್ಲಿಷ್ ಮಾತಾಡುವವರು. ನಾನು ಶಶಿ ಎಂದೆ. ಅವರು "ಶ್ಯಾಸಿ" ಎಂದರು. ಒಳಗಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅಲ್ಲಿ ಶ್ಯಾಸಿ ಎಂದರೆ ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಚೌಕಟ್ಟು. ಮೂರು ವಾರ ನಾನು ಕಿಟಕಿ ಚೌಕಟ್ಟಾಗಿಯೇ ಬಾಳಿದೆ.

ಪೆಟ್ಟಿಗೆ ತೆರೆದರೆ ಬಿಳಿ ಕೋಟು ಕೆಂಪಾಗಿತ್ತು. ನಾಚಿಕೆಯಿಂದ ಮುಚ್ಚುವಷ್ಟರಲ್ಲಿ ಶ್ರೀಮತಿ ಯುನ್ ಮೂಗು ತಂದು ಮೂಸಿದರು, ಬಾಟಲಿಯಲ್ಲಿ ಉಳಿದಿದ್ದ ಮಿಡಿಯೊಂದನ್ನು ತೆಗೆದು ಕಚ್ಚಿದರು, ಕಣ್ಣು ಮುಚ್ಚಿದರು. ಮತ್ತೆ ಬಾಟಲಿಯನ್ನು ಎತ್ತಿಕೊಂಡು ಹೋಗಿ ತಮ್ಮ ಕಿಮ್ಚಿಯ ಫ್ರಿಜ್ಜಿನಲ್ಲಿ ಇಟ್ಟರು. ಅವರ ಮನೆಯ ಸೊಪ್ಪಿನ ಉಪ್ಪಿನಕಾಯಿಗೆಂದೇ ಬೇರೆ ಫ್ರಿಜ್ಜು! ಅಂದಿನಿಂದ ನನ್ನ ಮನಸ್ಸಿನಲ್ಲಿ ಅವರು ಯುನ್ ಅಕ್ಕ.

ಮೂರನೇ ಮಹಡಿ

ಅಲ್ಲಿ ದವಡೆಗಳು ಬಸ್ಸಿನಲ್ಲಿ ಬರುವುದಿಲ್ಲ, ಮೋಟಾರು ಬೈಕಿನಲ್ಲಿ ಬರುತ್ತವೆ. ತರುವವನು ಯುನ್ ಅಕ್ಕನ ತಮ್ಮ ಮಿನ್‌ಸು. ಇಪ್ಪತ್ತೇಳು ವರ್ಷ, ಜೋಲಾಡುವ ಪ್ಯಾಂಟು, ಹಿಂದುಮುಂದಾಗಿ ಹಾಕಿದ ಟೋಪಿ. ಅಕ್ಕನನ್ನು ‘ನೂನಾ’ ಎಂದು ಕರೆಯುತ್ತಿದ್ದ. ತಮ್ಮಂದಿರು ಅಕ್ಕನಿಗೆ ಹೇಳುವ ಮಾತು ಅದು.

"ನನ್ನ ತಮ್ಮ" ಎಂದು ಯುನ್ ಅಕ್ಕ ಪರಿಚಯ ಮಾಡಿಸಿದರು. "ಕೆಳಗೆ, ನೆಲಮಾಳಿಗೆಯಲ್ಲಿ, ಜೋರಾಗಿ ಮಾತಾಡುತ್ತಾನೆ. ಅದಕ್ಕೆ ಹಾಡು ಎಂದು ಹೆಸರಿಟ್ಟಿದ್ದಾನೆ."

"ನೀವು ಕೇಳಿದ್ದೀರಾ?"

"ಮೂರು ಮಹಡಿ ಮೇಲಕ್ಕೆ ಕೇಳುತ್ತದೆ. ಇಳಿದು ಹೋಗಬೇಕಾ?"

ಅವನು ರ‍್ಯಾಪ್ ಹಾಡುವವನು. ಮೊದಲು ಪ್ಲಾಸ್ಟರು ಚೀಲ ಇಡುತ್ತಿದ್ದ ನೆಲಮಾಳಿಗೆಯನ್ನು ಅಕ್ಕ ಅವನಿಗೆ ಬಿಟ್ಟುಕೊಟ್ಟಿದ್ದರು. ನಾನು ಹೋದ ಎರಡನೇ ವಾರ ಅವನ ಗೆಳೆಯ ಟೆರೆನ್ಸ್ ಅಮೆರಿಕದ ಶಿಕಾಗೋದಿಂದ ಬಂದ. ಆರಡಿ ಮೀರಿದ ಕಪ್ಪು ಮನುಷ್ಯ. ಅಲ್ಲಿ ಸಿಟಿ ಬಸ್ಸಿನ ಡ್ರೈವರು, ಕೆಲಸ ಮುಗಿದ ಮೇಲೆ ರ‍್ಯಾಪ್. ನಾಲ್ಕು ವರ್ಷದಿಂದ ಇವರಿಬ್ಬರೂ ಅಂಚೆಯಲ್ಲಿ ಕ್ಯಾಸೆಟ್ ಕಳಿಸಿಕೊಂಡು ಹಾಡು ಮಾಡುತ್ತಿದ್ದರು. ಇವನು ತಾಳ ಕಳಿಸುವುದು, ಅವನು ಮಾತು ತುಂಬಿ ವಾಪಸು ಕಳಿಸುವುದು. ಮುಖಾಮುಖಿ ಭೇಟಿ ಇದೇ ಮೊದಲು. ಎರಡು ವಾರದ ರಜೆಯಲ್ಲಿ ಒಂದು ಹಾಡು ಮುದ್ರಿಸಿ, ಶನಿವಾರ ಒಂದು ಕಾಲೇಜಿನ ಸಭಾಂಗಣದಲ್ಲಿ ಇಬ್ಬರೂ ಸೇರಿ ಹಾಡಿ, ಭಾನುವಾರ ಟೆರೆನ್ಸ್ ವಿಮಾನ ಹತ್ತಬೇಕು.

ಟೆರೆನ್ಸನ ಇಂಗ್ಲಿಷ್ ಮೊದಲ ದಿನ ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ನಾನು ಕಲಿತದ್ದು ಕಾಪುವಿನ ಕನ್ನಡ ಶಾಲೆಯಲ್ಲಿ. "ಸ್ವಲ್ಪ ನಿಧಾನ" ಎಂದೆ. ಅವನು ಪಾಪ, ಕಿವುಡರಿಗೆ ಹೇಳುವ ಹಾಗೆ ನಿಧಾನ ಮಾಡಿದ. ಉಡುಪಿಯ ಬಸ್ಸಿನವರು ಹಾರ್ನಿನ ಮೇಲೆ ಕೈ ಇಟ್ಟರೆ ತೆಗೆಯುವುದಿಲ್ಲ ಎಂದು ನಾನು ಹೇಳಿದಾಗ ಅವನಿಗೆ ಬಹಳ ಸಂತೋಷವಾಯಿತು. "ನಮ್ಮಲ್ಲಿ ಹಾರ್ನ್ ಹೊಡೆದರೆ ಮೇಲಿನವರಿಗೆ ದೂರು ಹೋಗುತ್ತದೆ, ಮ್ಯಾಮ್. ನಿಮ್ಮ ಊರಿನಲ್ಲಿ ಕೆಲಸ ಉಂಟಾ ಕೇಳಿ" ಎಂದ. ಅವರೆಲ್ಲರ ಇಂಗ್ಲಿಷನ್ನು ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎರಡನೇ ಮಹಡಿ

ಮಂಗಳವಾರ ಬೆಳಿಗ್ಗೆ ಮಿನ್‌ಸು ಲ್ಯಾಬಿಗೆ ಓಡಿಬಂದು ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತ. ಪರೀಕ್ಷೆಗೆ ಹೋಗುವವರಿಗೆ ಅಲ್ಲಿ ಒಂದು ಅಂಟುಮಿಠಾಯಿ ಕೊಡುತ್ತಾರೆ, ಯಶಸ್ಸು ಅಂಟಿಕೊಳ್ಳಲಿ ಎಂದು. ಮುದ್ರಣ ಶುರುವಾಗುವ ಮೊದಲು ಶುಭವಾಗಲಿ ಎಂದು ಅದನ್ನೇ ಗೆಳೆಯನಿಗೆ ಕೊಟ್ಟಿದ್ದಾನೆ. ಟೆರೆನ್ಸನ ಮೇಲಿನ ಸಾಲಿನ ನಟ್ಟನಡುವಿನ ಹಲ್ಲಿಗೆ ಹಳೆಯ ಕ್ಯಾಪ್ ಇತ್ತು. ಮಿಠಾಯಿಗೆ ಯಶಸ್ಸಿನ ಬದಲು ಕ್ಯಾಪೇ ಅಂಟಿಕೊಂಡು ಬಂದಿದೆ. ನಮ್ಮಲ್ಲಿ ಕಡಲೆ ಚಿಕ್ಕಿ ಇದೇ ಕೆಲಸ ಮಾಡುವುದುಂಟು.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಟೆರೆನ್ಸ್ ಕೈಯಿಂದ ಬಾಯಿ ಮುಚ್ಚಿ ಕೂತಿದ್ದ. ಡಾಕ್ಟರ್ ಕಾಂಗ್, ಆ ಕ್ಲಿನಿಕ್ಕಿನ ದಂತವೈದ್ಯರು, ಕೇಳಿದರು:

"ಕಿತ್ತುಬಂದ ಕ್ಯಾಪ್ ಎಲ್ಲಿ?"

ಟೆರೆನ್ಸ್ ಹೊಟ್ಟೆ ತೋರಿಸಿದ.

ನಗಬಾರದೆಂದು ನಾನು ಗೋಡೆ ಕಡೆ ತಿರುಗಿದೆ. ಅಲ್ಲಿ ಯುನ್ ಅಕ್ಕನೂ ಗೋಡೆ ನೋಡುತ್ತಿದ್ದರು.

ಮಾತಾಡಲು ಹೋದರೆ ಅವನ ಸಕಾರವೆಲ್ಲ ಗಾಳಿಯಾಗಿ ಹಾರುತ್ತಿತ್ತು, ‘ಫ’ ಹುಟ್ಟುತ್ತಲೇ ಇರಲಿಲ್ಲ. ಕೊರಿಯಾದ ಭಾಷೆಯಲ್ಲಿ ‘ಫ’ವೇ ಇಲ್ಲ, ಮಿನ್‌ಸು ‘ಫ್ರೆಂಡ್’ ಎನ್ನಲು ‘ಪ್ರೆಂಡ್’ ಎನ್ನುತ್ತಾನೆ. "ಈಗ ನಾವಿಬ್ಬರೂ ಸಮ" ಎಂದು ಮಿನ್‌ಸು ಸಮಾಧಾನ ಹೇಳಿದ. ಟೆರೆನ್ಸ್ ಅವನತ್ತ ನೋಡಿದ ನೋಟದಲ್ಲಿ ಸಮಾಧಾನ ಕಾಣಲಿಲ್ಲ. ನಾಲ್ಕು ವರ್ಷ ಕಾದು, ರಜೆ ಕೂಡಿಟ್ಟುಕೊಂಡು ಬಂದಿದ್ದ ಮನುಷ್ಯ.

ಯುನ್ ಅಕ್ಕ ನನ್ನ ಭುಜ ಮುಟ್ಟಿದರು. "ಶ್ಯಾಸಿ, ಈ ಹಲ್ಲು ನಿನ್ನದು."

ಹೊಸ ಪಿಂಗಾಣಿಯಲ್ಲಿ ನಾನು ಅಲ್ಲಿಯವರೆಗೆ ಮಾಡಿದ್ದು ದವಡೆ ಹಲ್ಲು ಮಾತ್ರ. ಅವು ಒಳಗೆ ಎಲ್ಲೋ ಅಡಗಿರುತ್ತವೆ. ಇದು ನಟ್ಟನಡುವಿನದು, ಸಭಾಂಗಣದ ಕೊನೆಯ ಸಾಲಿಗೂ ಕಾಣುವಂಥದ್ದು. ಮೊದಲ ಬಾರಿಗೆ ನಾನು ಪ್ಲಾಸ್ಟರಿನ ಎದುರಲ್ಲ, ಮನುಷ್ಯನ ಎದುರು ಕೂತೆ. ಪಕ್ಕದ ಹಲ್ಲಿನ ಬಣ್ಣ ನೋಡಿದೆ. ಅಂಚಿನಲ್ಲಿ ತುಸು ನೀಲಿ, ಬುಡದಲ್ಲಿ ಹಳೆಯ ದಂತದ ಹಳದಿ, ನಡುವೆ ಒಂದು ಸಣ್ಣ ಬಿಳಿ ಚುಕ್ಕೆ. ಆ ಚುಕ್ಕೆಯನ್ನೂ ಬಿಡದೆ ಬರೆದುಕೊಂಡೆ. ಎರಡು ದಿನ ಕುಲುಮೆಯ ಮುಂದೆ ಕೂತು ಮಾಡಿದ ಹಲ್ಲನ್ನು ಡಾಕ್ಟರ್ ಕಾಂಗ್ ಸದ್ಯಕ್ಕೆ ಮೆಲ್ಲನೆ ಅಂಟಿಸಿದಾಗ, ಯಾವುದು ಹುಟ್ಟಿದ ಹಲ್ಲು, ಯಾವುದು ಕಟ್ಟಿದ್ದು ಎಂದು ಅವರಿಗೇ ಒಂದು ಕ್ಷಣ ತಿಳಿಯಲಿಲ್ಲ. ಯುನ್ ಅಕ್ಕ ಒಂದೇ ಒಂದು ಸಲ ತಲೆ ಆಡಿಸಿದರು. ಅವರು ಅದಕ್ಕಿಂತ ಹೆಚ್ಚು ಹೊಗಳುವವರಲ್ಲ ಎಂದು ಹುಡುಗಿಯರು ಹೇಳಿದರು.

ಆ ಸಂಜೆ ಅಮ್ಮನಿಗೆ ಫೋನು ಮಾಡಿದೆ.

"ಊಟಕ್ಕೆ ಎಂತ ಮಾಡ್ತಿ ಮಗಾ?"

"ಇಲ್ಲಿ ಬಂಗುಡೆ ಉಂಟಮ್ಮ. ಕೆಂಡದಲ್ಲಿ ಸುಟ್ಟು ಕೊಡ್ತಾರೆ. ಎರಡು ಕಡ್ಡಿಯಲ್ಲಿ ಹಿಡಿದು ತಿನ್ನಬೇಕು. ನಮ್ಮ ಲ್ಯಾಬಿನ ಚಿಮಟದ ಹಾಗೆಯೇ."

"ಬಂಗುಡೆ ಉಂಟಾ? ಹಾಗಾದರೆ ಹೆದರಿಕೆ ಇಲ್ಲ" ಎಂದು ಅಮ್ಮ ಫೋನಿಟ್ಟಳು. ಕೊರಿಯಾದ ಬಗ್ಗೆ ಅವಳು ಕೇಳಿದ್ದು ಅಷ್ಟೇ.

ನೆಲಮಾಳಿಗೆ

ಗುರುವಾರ ಬೆಳಿಗ್ಗೆ ಮಿನ್‌ಸು ನನ್ನನ್ನು ಕೆಳಗೆ ಕರೆದ. ಕೋಣೆಯ ಗೋಡೆ ತುಂಬ ಮೊಟ್ಟೆಯ ಟ್ರೇಗಳು, ಬಾಗಿಲಿಗೆ ಒಂದು ಹಳೆಯ ಹಾಸಿಗೆ. ಸದ್ದು ಹೊರಗೆ ಹೋಗದಿರಲೆಂದು ಈ ಏರ್ಪಾಡು. ಅದು ಎಷ್ಟು ಫಲ ಕೊಟ್ಟಿದೆ ಎಂಬುದನ್ನು ಯುನ್ ಅಕ್ಕನ ಬಾಯಲ್ಲಿ ಕೇಳಿಯಾಗಿತ್ತು. ಮಿನ್‌ಸು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟ.

ಮೊದಲು ತಾಳ ಬಂತು. ಎದೆಯೊಳಗೇ ಯಾರೋ ಅವಲಕ್ಕಿ ಕುಟ್ಟುವ ಹಾಗೆ. ಅದರ ಮೇಲೆ ಟೆರೆನ್ಸನ ಧ್ವನಿ. ಮಾತು ಅರ್ಥವಾಗದಿದ್ದರೂ ನನ್ನ ಕಾಲು ಕುಣಿಯಿತು. ಆಮೇಲೆ ಕೇಳಿಸಿತು. ಪ್ರತಿ ಸಕಾರದ ಬಾಲದಲ್ಲಿ ಸಣ್ಣ ಸಿಳ್ಳೆ! ಸಾಮಾನ್ಯ ಮಾತಿನಲ್ಲಿ ಯಾರಿಗೂ ತಿಳಿಯದಷ್ಟು ಸಣ್ಣದು. ಮೈಕಿನ ಮುಂದೆ, ಆ ವೇಗದಲ್ಲಿ, ಕುಕ್ಕರು ಕೂಗಿದ ಹಾಗೆ.

"ಮೈಕ್ ಬದಲಾಯಿಸಿದೆವು. ವೈರು ಬದಲಾಯಿಸಿದೆವು" ಎಂದ ಮಿನ್‌ಸು. "ಯಂತ್ರದ್ದೇ ದೋಷ ಇರಬೇಕು."

ಯಂತ್ರದ್ದಲ್ಲ ಎಂದು ನನಗೆ ಗೊತ್ತಿತ್ತು. ಹಲ್ಲಿನ ಮುಖ ಚೆಂದ ಮಾಡುವ ಆಸೆಯಲ್ಲಿ ಅದರ ಬೆನ್ನನ್ನು ತುಸು ದಪ್ಪ ಬಿಟ್ಟಿದ್ದೆ. ನಾಲಿಗೆ ತಾಗುವುದು ಬೆನ್ನಿಗೆ. ಪ್ಲಾಸ್ಟರಿನ ದವಡೆಗಳಿಗೆ ನಾಲಿಗೆ ಇಲ್ಲ, ಅವು ದೂರು ಹೇಳುವುದಿಲ್ಲ. ಹನ್ನೆರಡು ವರ್ಷದಲ್ಲಿ ಎಷ್ಟು ಜನರು ನನ್ನ ಹಲ್ಲು ಇಟ್ಟುಕೊಂಡು ಸಿಳ್ಳೆ ಹಾಕುತ್ತಾ ತಿರುಗಾಡುತ್ತಿದ್ದಾರೋ ಎಂದು ಹೊಳೆದು ಕಿವಿ ಬಿಸಿಯಾಯಿತು. ಸುಮ್ಮನಿದ್ದರೆ ತಪ್ಪು ಯಂತ್ರದ ಮೇಲೆ ಹೋಗುತ್ತದೆ. ಯುನ್ ಅಕ್ಕ ತಲೆ ಆಡಿಸಿದ್ದು ಹಾಗೆಯೇ ಉಳಿಯುತ್ತದೆ.

"ಯಂತ್ರದ ತಪ್ಪಲ್ಲ" ಎಂದೆ. "ನನ್ನ ತಪ್ಪು."

ಟೆರೆನ್ಸ್ ಸಿಟ್ಟಾಗಬಹುದೆಂದು ಕಾದೆ. ಅವನು ಉಸಿರು ಬಿಟ್ಟು ಕುರ್ಚಿಗೆ ಒರಗಿದ. "ದೇವರು ದೊಡ್ಡವನು, ಮ್ಯಾಮ್. ಬೆಳಿಗ್ಗೆಯಿಂದ ನನಗೆ ವಯಸ್ಸಾಯಿತು ಅಂದುಕೊಂಡಿದ್ದೆ."

ಮತ್ತೆ ಎರಡನೇ ಮಹಡಿ

ಡಾಕ್ಟರ್ ಕಾಂಗ್ ಹಲ್ಲು ಬಿಡಿಸಿದರು. ನಾನು ಬೆನ್ನನ್ನು ಕೂದಲೆಳೆಯಷ್ಟು ತೇಯ್ದೆ, ಅವರು ಕೂರಿಸಿದರು. "ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಿ" ಎಂದರು. ಇಂಗ್ಲಿಷಿನಲ್ಲಿ ಆ ಅಂಕೆಗಳೆಲ್ಲ ಸಕಾರದಲ್ಲೇ ಶುರುವಾಗುತ್ತವೆ. ಹಲ್ಲು ಪರೀಕ್ಷಿಸಲು ಡಾಕ್ಟರುಗಳ ಹಳೆಯ ಉಪಾಯ. ಟೆರೆನ್ಸ್ ಎಣಿಸಿದ. ಸಿಳ್ಳೆ ಇಲ್ಲ.

"ಎಣಿಸಿದರೆ ಸಾಲದು" ಎಂದೆ. "ನೀವು ಅಲ್ಲಿ ಎಣಿಸುವುದಿಲ್ಲವಲ್ಲ. ಹಾಡಿ."

ಅವನು ಕುತ್ತಿಗೆಗೆ ಕಟ್ಟಿದ ನೀಲಿ ಕಾಗದದ ಸಮೇತ ಹಾಡಿದ. ಮಿನ್‌ಸು ಉಪಕರಣದ ತಟ್ಟೆಯ ಮೇಲೆ ಬೆರಳಿನಿಂದ ತಾಳ ಹಾಕಿದ. ನಾನು ಕಣ್ಣು ಮುಚ್ಚಿ ಕೇಳಿದೆ. ಮೂರನೇ ಸಾಲಿನಲ್ಲಿ ಸಿಳ್ಳೆ ಇಣುಕಿತು. ಬಿಡಿಸು, ತೇಯು, ಕೂರಿಸು, ಹಾಡು. ಐದು ಸಲ. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಐದನೇ ಸಲಕ್ಕೆ ಒಳಗೆ ಬಂದು ನಿಂತು, ಕೋಲು ಕುಟ್ಟುತ್ತಾ ತಲೆದೂಗುತ್ತಿದ್ದರು. ಆ ಸಲ ಸಿಳ್ಳೆ ಬರಲಿಲ್ಲ. ಅಜ್ಜಿ ಮತ್ತೊಮ್ಮೆ ಹಾಡು ಎಂದರಂತೆ.

ಹಲ್ಲನ್ನು ಮತ್ತೆ ಕುಲುಮೆಗೆ ಹಾಕಿ ಹೊಳಪು ಕೊಟ್ಟೆ. ಯುನ್ ಅಕ್ಕನಿಗೆ ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಹಲ್ಲಿನ ಬೆನ್ನು ನೋಡಿದರು. "ಇಪ್ಪತ್ತು ವರ್ಷದಿಂದ ನಾನೂ ಮುಖವನ್ನೇ ನೋಡಿದ್ದೇನೆ" ಎಂದರು.

ಮತ್ತೆ ನೆಲಮಾಳಿಗೆ

ಶುಕ್ರವಾರ ಬೆಳಿಗ್ಗೆ ಹಲ್ಲು ಗಟ್ಟಿಯಾಗಿ ಕೂತಿತು. ಜಗಳ ಮಾತ್ರ ಉಳಿದಿತ್ತು. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲನ್ನು ಇಬ್ಬರೂ ಸೇರಿ ಕೊರಿಯನ್ ಭಾಷೆಯಲ್ಲಿ ಹೇಳಬೇಕೆಂದು ಮಿನ್‌ಸುವಿನ ಹಟ. ‘ಇಂದು ನನ್ನನ್ನು ಹೆಸರು ಹಿಡಿದು ಕರೆ’ ಎಂದು ಅದರ ಅರ್ಥ.

"ಗಿಳಿಯ ಹಾಗೆ ಹೇಳಲಾರೆ" ಎಂದ ಟೆರೆನ್ಸ್. "ಜನ ನಗುತ್ತಾರೆ. ನನ್ನ ಪಾಲು ಇಂಗ್ಲಿಷಿನಲ್ಲಿ ಇರಲಿ."

"ಹದಿನೈದನೇ ವಯಸ್ಸಿನಿಂದ ನಾನು ನಿನ್ನ ಭಾಷೆಯನ್ನು ಗಿಳಿಯ ಹಾಗೆ ಹೇಳಿದ್ದೇನೆ" ಎಂದ ಮಿನ್‌ಸು. ಅವನ ಧ್ವನಿ ಏರಲಿಲ್ಲ. "ಜನ ನಕ್ಕರು. ನಿನಗೆ ಒಂದು ಸಾಲು ಕಷ್ಟವಾ?"

ಟೆರೆನ್ಸ್ ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. "ಸರಿ" ಎಂದ. "ನ್ಯಾಯ."

ಆದರೆ ನಾಲಿಗೆ ಒಪ್ಪಬೇಕಲ್ಲ! ‘ಇಂದು’ ಎನ್ನುವ ಪದದಲ್ಲೂ ‘ಹೆಸರು’ ಎನ್ನುವ ಪದದಲ್ಲೂ ಒಂದು ವಿಚಿತ್ರ ಸ್ವರವಿತ್ತು. ಟೆರೆನ್ಸ್ "ಓನೂಲ್" ಎನ್ನುತ್ತಿದ್ದ, "ಇರೂಮ್" ಎನ್ನುತ್ತಿದ್ದ. ಮಿನ್‌ಸು "ಊ ಅಲ್ಲ, ಊ ಅಲ್ಲ" ಎಂದು ತಾನು ಹೇಳಿ ತೋರಿಸಿದ. ನಾನು ಬಾಗಿಲ ಬಳಿಯ ಹಾಸಿಗೆಗೆ ಒರಗಿದ್ದವಳು ನೆಟ್ಟಗಾದೆ. ಅದು ನಮ್ಮ ಸ್ವರ! ತುಳುವಿನಲ್ಲಿ ನಾವು ಕಣ್ಣ್, ನೀರ್, ಕಡಲ್ ಎನ್ನುವಾಗ ಕೊನೆಯಲ್ಲಿ ಉಕಾರವೂ ಅಲ್ಲದ, ಇಕಾರವೂ ಅಲ್ಲದ ಒಂದು ಪುಟ್ಟ ಸ್ವರ ಬರುತ್ತದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಸರಿಯಾದ ಅಕ್ಷರವೂ ಇಲ್ಲ. ಅದನ್ನು ನಾನು ಸಾವಿರಾರು ಮೈಲಿ ದೂರದ ಮೊಟ್ಟೆ ಟ್ರೇಗಳ ನಡುವೆ ಕೇಳುತ್ತಿದ್ದೆ.

"ಓನ್‌ಲ್" ಎಂದು ನಾನು ಹೇಳಿದೆ, ಕಡಲ್ ಎನ್ನುವಾಗಿನ ಕೊನೆಯ ಸ್ವರವನ್ನು ನಡುವೆ ಇಟ್ಟು. ಮಿನ್‌ಸು ಗರಕ್ಕನೆ ತಿರುಗಿದ.

"ಮತ್ತೊಮ್ಮೆ ಹೇಳಿ!"

ಹೇಳಿದೆ. ಅವನು ನನ್ನ ಎರಡೂ ಕೈ ಹಿಡಿದು ಕುಲುಕಿಬಿಟ್ಟ.

ಬಸವರಾಜನಿಗೆ ತುಳು ಕಲಿಸುವಾಗ ನಾವು ಲ್ಯಾಬಿನವರು ಒಂದು ಉಪಾಯ ಮಾಡಿದ್ದೆವು. ಐಸ್‌ಕ್ರೀಂ ಕಡ್ಡಿಯನ್ನು ಹಲ್ಲಿನಲ್ಲಿ ಅಡ್ಡಕ್ಕೆ ಕಚ್ಚಿ ಹಿಡಿದರೆ ತುಟಿ ದುಂಡಗಾಗುವುದಿಲ್ಲ. ಊಕಾರ ಹೊರಡಲು ದಾರಿಯೇ ಇಲ್ಲ. ಟೆರೆನ್ಸನಿಗೂ ಒಂದು ಕಡ್ಡಿ ಕೊಟ್ಟೆ. ಅವನು ಆಜ್ಞಾಧಾರಕ ವಿದ್ಯಾರ್ಥಿಯ ಹಾಗೆ ನಟ್ಟನಡುವಿನ ಹಲ್ಲಿಗೇ ಕಚ್ಚಿದ.

"ಅಯ್ಯೋ ಮಾರಾಯಾ, ಆ ಹಲ್ಲಿನಲ್ಲಿ ಅಲ್ಲ!" ನಾನು ಕನ್ನಡದಲ್ಲೇ ಕಿರುಚಿದ್ದೆ. ಅವನಿಗೆ ಚೆನ್ನಾಗಿ ಅರ್ಥವಾಯಿತು. ಕಡ್ಡಿ ಪಕ್ಕಕ್ಕೆ ಸರಿಯಿತು.

ಕಡ್ಡಿ ಕಚ್ಚಿಕೊಂಡು ನೂರು ಸಲ ‘ಕಡಲ್’ ಹೇಳಿದ, ನೂರು ಸಲ ‘ಓನ್‌ಲ್’. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ತೆಗೆದರೂ ಸ್ವರ ನಿಂತಿತು. ಪ್ರತಿಯಾಗಿ ಅವನು ಮಿನ್‌ಸುವಿಗೆ ‘ಫ’ ಕಲಿಸಲು ಹೊರಟ. ಮೇಲಿನ ಹಲ್ಲು ಕೆಳತುಟಿಗೆ ಮೆಲ್ಲನೆ ತಾಗಬೇಕು ಎಂದು ನನ್ನ ಹೊಸ ಹಲ್ಲನ್ನು ತನ್ನ ತುಟಿಗೆ ತಾಗಿಸಿ ತೋರಿಸಿದ. ನಾನು ಮಾಡಿದ ಹಲ್ಲು ಪಾಠ ಮಾಡುತ್ತಿತ್ತು.

ಶನಿವಾರ ಮಧ್ಯಾಹ್ನ

"ಹಲ್ಲು ಪರೀಕ್ಷಿಸಲು ಬರುತ್ತೇನೆ" ಎಂದರು ಯುನ್ ಅಕ್ಕ. ತಮ್ಮನ ಹಾಡಿಗೆ ಅಲ್ಲ, ಹಲ್ಲಿಗೆ. ಮುತ್ತಿನ ಸರ ಹಾಕಿಕೊಂಡಿದ್ದರು. ಸಭಾಂಗಣದ ತುಂಬ ಕಾಲೇಜು ಹುಡುಗ ಹುಡುಗಿಯರು; ಮುತ್ತಿನ ಸರದವರು ಒಬ್ಬರೇ, ಸೀರೆಯವಳು ನಾನೊಬ್ಬಳೇ. ಕೊನೆಯ ಸಾಲಿನಲ್ಲಿ ಕೂತೆವು.

ಟೆರೆನ್ಸ್ ಮೊದಲು ಹಾಡಿದ. ಒಂದು ಸಿಳ್ಳೆಯೂ ಇಲ್ಲ. ಆ ಕೊರಿಯನ್ ಸಾಲು ಬಂತು, ಇಬ್ಬರೂ ಸೇರಿ ಹೇಳಿದರು. ಟೆರೆನ್ಸನ ಬಾಯಿಂದ ಆ ಸ್ವರ ಸರಿಯಾಗಿ ಹೊರಟ ಕೂಡಲೇ ಇಡೀ ಸಭಾಂಗಣ ಎದ್ದು ಕೂಗಿತು. ಯಾರೂ ನಗಲಿಲ್ಲ. ಎರಡನೇ ಸಲ ಜನರೇ ಆ ಸಾಲು ಹೇಳಿದರು. ಅವನು ಮೈಕನ್ನು ಅವರ ಕಡೆ ಹಿಡಿದು ಹಲ್ಲು ಪೂರ್ತಿ ಕಾಣುವಂತೆ ನಕ್ಕ.

ಆಮೇಲೆ ಮಿನ್‌ಸುವಿನ ಸರದಿ. ಕೊರಿಯನ್ನಿನಲ್ಲಿ ಮಳೆ ಸುರಿದ ಹಾಗೆ ಮಾತು. ನಾನು ಯುನ್ ಅಕ್ಕನ ಕಿವಿಗೆ ಬಗ್ಗಿ ಕೇಳಿದೆ:

"ಏನು ಹೇಳುತ್ತಿದ್ದಾನೆ?"

ಅತಿಥಿ ಕೇಳಿದರೆ ಹೇಳದಿರಲಾಗುವುದಿಲ್ಲ. ಹೇಳಬೇಕಾದರೆ ಕೇಳಿಸಿಕೊಳ್ಳಲೇಬೇಕು. ಯುನ್ ಅಕ್ಕ ಮುಂದಕ್ಕೆ ಬಾಗಿದರು.

"ಅಮ್ಮ ತೀರಿಹೋದಾಗ ನನಗೆ ಆರು ವರ್ಷ, ಅನ್ನುತ್ತಾನೆ. ಅಕ್ಕ ಕಾಲೇಜು ಬಿಟ್ಟಳು, ಅನ್ನುತ್ತಾನೆ." ಮುತ್ತಿನ ಸರ ಹಿಡಿದುಕೊಂಡರು. "ನನ್ನ ಬುತ್ತಿಯಲ್ಲಿ ಮೊಟ್ಟೆ, ಅವಳದರಲ್ಲಿ ಬರಿಯ ಅನ್ನ, ಅನ್ನುತ್ತಾನೆ. ಅದು ಅವನಿಗೆ ಹೇಗೆ ಗೊತ್ತು?"

"ಮುಂದೆ?"

"ಮುಂದೆ..." ಇದ್ದಕ್ಕಿದ್ದಂತೆ ಅವರು ಬಾಯಿಗೆ ಕೈ ಹಿಡಿದು ನಕ್ಕುಬಿಟ್ಟರು. ಕಣ್ಣಲ್ಲಿ ನೀರಿತ್ತು. "ಊರಲ್ಲಿ ಎಲ್ಲರೂ ಕೇಳುತ್ತಾರೆ, ಇಷ್ಟು ಬೇಗ ಮಾತಾಡುವುದನ್ನು ಯಾರಿಂದ ಕಲಿತೆ ಎಂದು. ಅಕ್ಕ ಬೈಯುವುದನ್ನು ನೀವು ಕೇಳಿಲ್ಲ, ಅನ್ನುತ್ತಾನೆ. ಅವಳು ಉಸಿರೇ ಎಳೆಯುವುದಿಲ್ಲವಂತೆ!"

ಹಾಡು ಮುಗಿದು ನಾವು ವೇದಿಕೆಯ ಹಿಂದಿನ ಓಣಿಗೆ ಹೋದೆವು. ಬೆವರಿನಲ್ಲಿ ತೊಯ್ದ ಮಿನ್‌ಸು ಅಕ್ಕನನ್ನು ಕಂಡು ಟೋಪಿ ತೆಗೆದ. ಯುನ್ ಅಕ್ಕ ಅವನ ಎದುರು ನಿಂತರು. ಅಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಬೈಯಲು ಶುರುಮಾಡಿದರು. ಬೆವರಿಕೊಂಡು ಗಾಳಿಗೆ ನಿಂತದ್ದಕ್ಕೆ, ಜಾಕೆಟ್ಟಿನ ಗುಂಡಿ ಹಾಕದ್ದಕ್ಕೆ, ಬೆಳಿಗ್ಗೆ ಊಟ ಬಿಟ್ಟದ್ದಕ್ಕೆ ಎಂದು ಆಮೇಲೆ ತಿಳಿಯಿತು. ಆಗ ಕೇಳಿಸಿದ್ದು ಬರಿಯ ವೇಗ.

ಟೆರೆನ್ಸ್ ಒಂದು ಕ್ಷಣ ಕಿವಿಗೊಟ್ಟ. ಆಮೇಲೆ ತುಟಿಯಲ್ಲೇ, ಬಹಳ ಮೆಲ್ಲನೆ, ಬೈಗುಳದ ಕೆಳಗೆ ತಾಳ ಹಾಕಿದ. ಮಿನ್‌ಸು ತಲೆ ತಗ್ಗಿಸಿಕೊಂಡೇ ತೊಡೆಯ ಮೇಲೆ ಬೆರಳು ಬಡಿದ. ಯುನ್ ಅಕ್ಕನಿಗೆ ಗೊತ್ತಾಯಿತು. ಹುಬ್ಬು ಮೇಲೆ ಹೋಯಿತು. ಆದರೆ ನಿಲ್ಲಿಸಲಿಲ್ಲ. ಬಲಗೈ ತನ್ನಷ್ಟಕ್ಕೆ ಎದ್ದು, ಪ್ರತಿ ಮಾತಿನ ಕೊನೆಗೆ ಗಾಳಿಯನ್ನು ಕಡಿಯತೊಡಗಿತು. ಓಣಿಯಲ್ಲಿದ್ದ ಹುಡುಗರೆಲ್ಲ ಸುತ್ತ ಸೇರಿದರು. ಯುನ್ ಅಕ್ಕ ಉಸಿರೆಳೆಯದೆ, ಒಂದೂ ತಾಳ ತಪ್ಪದೆ, ತಮ್ಮನ ಇಪ್ಪತ್ತೇಳು ವರ್ಷದ ತಪ್ಪುಗಳನ್ನು ಕೊನೆಯವರೆಗೆ ಹೇಳಿ, ಸರಿಯಾಗಿ ತಾಳದ ಮೇಲೆ ನಿಂತರು.

ನನಗೆ ಅದರಲ್ಲಿ ಒಂದು ಶಬ್ದವೂ ಅರ್ಥವಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.